ಅನುಮಾನಕ್ಕೆ ಇಂಗ್ಲಿಷಿನಲ್ಲಿ ಎರಡು ಮನೆ

ಪ್ರಶ್ನೆ: ಹನ್ನೆರಡು ವರ್ಷದಿಂದ ಇಂಗ್ಲಿಷಿನಲ್ಲೇ ಕೆಲಸ ಮಾಡುತ್ತಿದ್ದೇನೆ. ಓದುವುದು, ಬರೆಯುವುದು ಸಲೀಸು. ಬಾಯಿ ಬಿಟ್ಟರೆ ಮಾತ್ರ ಎಡವಟ್ಟು. ಮೊನ್ನೆ ಹೊರದೇಶದವರ ಜೊತೆಗಿನ ಮೀಟಿಂಗಿನಲ್ಲಿ ‘ಐ ಹ್ಯಾವ್ ಎ ಡೌಟ್’ ಅಂದೆ. ಆ ಕಡೆಯವರ ಮುಖ ಗಂಟಾಯಿತು; ‘ನಮ್ಮ ಲೆಕ್ಕದ ಮೇಲೆ ನಿಮಗೆ ನಂಬಿಕೆ ಇಲ್ಲವೇ?’ ಎಂದರು. ಸಾಲ ಎಂಬ ಅರ್ಥದ ಪದವನ್ನು ‘ಡೆಬ್ಟ್’ ಎಂದು ಓದಿದಾಗ ಒಬ್ಬರು ನಕ್ಕರು. ‘ಸೀ’, ‘ಲುಕ್’, ‘ವಾಚ್’ ಮೂರಕ್ಕೂ ನಿಘಂಟಿನಲ್ಲಿ ‘ನೋಡು’ ಅಂತಲೇ ಇದೆ, ಯಾವುದು ಎಲ್ಲಿಗೆ? ನಾನು ‘ವೆಟ್’ ಅಂದರೆ ಎದುರಿನವರು ಬೇರೇನೋ ಕೇಳಿಸಿಕೊಳ್ಳುತ್ತಾರೆ. ‘ಶೆಡ್ಯೂಲ್’ ಸರಿಯೋ ‘ಸ್ಕೆಜುಲ್’ ಸರಿಯೋ? ‘ಆಫನ್’ ಅನ್ನಬೇಕೋ ‘ಆಫ್ಟನ್’ ಅನ್ನಬೇಕೋ? ಇಷ್ಟು ವರ್ಷವಾದ ಮೇಲೂ ಹೀಗೇಕೆ?

ಉತ್ತರ: ನೀವು ಕೇಳಿರುವುದು ಆರು ಪ್ರಶ್ನೆ. ಓದುತ್ತಾ ಹೋದರೆ ನನಗೆ ಒಂದೇ ಪ್ರಶ್ನೆ ಆರು ವೇಷ ಹಾಕಿ ಬಂದಂತೆ ಕಂಡಿತು. ನಿಮ್ಮ ಇಂಗ್ಲಿಷ್ ಕಣ್ಣಿನಿಂದ ಒಳಗೆ ಹೋದದ್ದು, ಅದೂ ಕನ್ನಡದ ಅರ್ಥದ ಕೈ ಹಿಡಿದುಕೊಂಡು. ಹಾಗೆ ಕಲಿತವರೇ ಹೆಚ್ಚು. ನಾನೂ ಹಾಗೆ ಕಲಿತವನೇ. ಆದ್ದರಿಂದ ವರ್ಷ ಎಷ್ಟಾದರೂ ಎರಡು ಕಡೆ ಕಾಲು ಜಾರುತ್ತದೆ: ಕನ್ನಡ ಬದು ಹಾಕಿದ ಕಡೆ ಇಂಗ್ಲಿಷ್ ಬದು ಹಾಕದೆ ಇರುವಲ್ಲಿ ಒಮ್ಮೆ, ಬರೆದದ್ದನ್ನು ಬರೆದಂತೆ ಓದಬೇಕು ಎಂದು ಬಾಯಿ ಹಟ ಹಿಡಿಯುವಲ್ಲಿ ಇನ್ನೊಮ್ಮೆ.

‘ಡೌಟ್’ನಿಂದಲೇ ಶುರು ಮಾಡೋಣ, ಅದು ಎಲ್ಲಕ್ಕಿಂತ ಸೊಗಸಾದ ತಪ್ಪು. ಈ ಎರಡು ವಾಕ್ಯ ನೋಡಿ. ‘ಅವನು ಬರುತ್ತಾನೋ ಇಲ್ಲವೋ, ಅನುಮಾನ.’ ‘ಅವನೇ ಎತ್ತಿಕೊಂಡು ಹೋಗಿದ್ದಾನೆ ಅಂತ ನನಗೆ ಅನುಮಾನ.’ ಪದ ಒಂದೇ. ಆದರೆ ಮೊದಲನೆಯದರಲ್ಲಿ ಮನಸ್ಸು ‘ಇಲ್ಲ’ದ ಕಡೆ ವಾಲಿದೆ, ಎರಡನೆಯದರಲ್ಲಿ ‘ಹೌದು’ ಕಡೆ. ಕನ್ನಡದವರಿಗೆ ವಾಕ್ಯದ ಉಳಿದ ಭಾಗವೇ ಅದನ್ನು ತಿಳಿಸಿಬಿಡುತ್ತದೆ, ಹಾಗಾಗಿ ಒಂದೇ ಪದ ಸಾಕು. ಇಂಗ್ಲಿಷಿಗೆ ಸಾಲದು. ವಾಲುವುದು ‘ಇಲ್ಲ’ದ ಕಡೆಗಾದರೆ ‘ಡೌಟ್’, ‘ಹೌದು’ ಕಡೆಗಾದರೆ ‘ಸಸ್ಪೆಕ್ಟ್’. ‘ಐ ಸಸ್ಪೆಕ್ಟ್ ಹಿ ಟುಕ್ ಇಟ್’ ಅಂದರೆ ಅವನೇ ತೆಗೆದಿರಬೇಕು ಅಂತ. ‘ಐ ಡೌಟ್ ಹಿ ಟುಕ್ ಇಟ್’ ಅಂದರೆ ಅವನು ತೆಗೆದಿರಲಿಕ್ಕಿಲ್ಲ ಅಂತ. ಆರೋಪ ಹೊರಿಸಲು ಹೋದವರು ಜಾಮೀನು ಕೊಟ್ಟು ಬಂದಂತಾಗುತ್ತದೆ.

ನಡುವೆ ಒಂದು ಮಾತು. ಸಂಸ್ಕೃತದ ತರ್ಕಶಾಸ್ತ್ರದಲ್ಲಿ ‘ಅನುಮಾನ’ ಅಂದರೆ ಶಂಕೆ ಅಲ್ಲವೇ ಅಲ್ಲ. ಹೊಗೆ ಕಂಡು, ಬೆಟ್ಟದ ಮೇಲೆ ಬೆಂಕಿ ಇದೆ ಎಂದು ತಿಳಿಯುವುದು. ಒಂದು ಗಟ್ಟಿ ಜ್ಞಾನ ಅದು. ಕನ್ನಡಕ್ಕೆ ಬಂದು ಜನರ ಬಾಯಲ್ಲಿ ಓಡಾಡಿ ಶಂಕೆಯಾಯಿತು. ಪದಗಳು ಊರು ಬದಲಿಸಿದಾಗ ಹೀಗೆಲ್ಲ ಆಗುತ್ತದೆ, ಇಂಗ್ಲಿಷಿನ ‘ಡೌಟ್’ ನಮ್ಮಲ್ಲಿಗೆ ಬಂದಾಗಲೂ ಆದದ್ದು ಅದೇ. ತರಗತಿಯಲ್ಲಿ ಕೈ ಎತ್ತಿ ‘ಸರ್, ಒಂದು ಡೌಟು’ ಅನ್ನುವ ಹುಡುಗನಿಗೆ ಮೇಷ್ಟ್ರ ಮೇಲೆ ಅಪನಂಬಿಕೆ ಇರುವುದಿಲ್ಲ; ಅವನಿಗೆ ಅರ್ಥವಾಗಿಲ್ಲ, ಅಷ್ಟೆ. ಭಾರತದ ಇಂಗ್ಲಿಷಿನಲ್ಲಿ ‘ಡೌಟ್’ಗೆ ಈ ಮೂರನೆಯ ಅರ್ಥ ಗಟ್ಟಿಯಾಗಿ ಬೇರು ಬಿಟ್ಟಿದೆ, ನಮ್ಮ ನಮ್ಮಲ್ಲಿ ಆಡಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊರಗಿನವರ ಕಿವಿಗೆ ನೀವು ಅವರ ಲೆಕ್ಕವನ್ನೇ ನಂಬುತ್ತಿಲ್ಲ ಎಂದು ಕೇಳಿಸುತ್ತದೆ. ಅವರ ಮುಖ ಗಂಟಾದದ್ದು ಅದಕ್ಕೇ. ಅಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಿ. ಇಲ್ಲವೇ ‘ಐ ಡಿಡಂಟ್ ಫಾಲೋ ದಿಸ್ ಪಾರ್ಟ್’ ಅನ್ನಿ, ಇನ್ನೂ ಮೇಲು. ಎಲ್ಲಿ ತೊಡಕಿದೆ ಎಂದೂ ಹೇಳಿದಂತಾಯಿತು.

ಇನ್ನು ‘ನೋಡು’. ಇಲ್ಲಿ ತಪ್ಪು ನಿಮ್ಮದಲ್ಲ, ನಿಘಂಟಿನದು. ಕನ್ನಡದಲ್ಲಿ ಈ ವ್ಯತ್ಯಾಸ ಇಲ್ಲದೆ ಇಲ್ಲ, ಚೆನ್ನಾಗಿಯೇ ಇದೆ. ‘ಎಲ್ಲಾ ಕಡೆ ನೋಡಿದೆ, ಕಾಣಲಿಲ್ಲ’ ಅನ್ನುತ್ತೀರಲ್ಲ? ಅದನ್ನು ಹಾಗೇ ಇಂಗ್ಲಿಷಿಗೆ ತನ್ನಿ: ‘ಐ ಲುಕ್ಡ್ ಎವ್ರಿವೇರ್, ಬಟ್ ಐ ಡಿಡಂಟ್ ಸೀ ಇಟ್.’ ಕಣ್ಣನ್ನು ಬೇಕೆಂದೇ ಒಂದು ಕಡೆ ತಿರುಗಿಸುವುದು ‘ಲುಕ್’, ಅದು ನಮ್ಮ ‘ನೋಡು’. ಕಣ್ಣಿಗೆ ತಾನಾಗಿ ಬೀಳುವುದು ‘ಸೀ’, ಅದು ನಮ್ಮ ‘ಕಾಣು’, ‘ಕಾಣಿಸು’. ವೈದ್ಯರ ಬಳಿ ಹೋಗುವುದಕ್ಕೆ ಇಂಗ್ಲಿಷಿನವರು ‘ಸೀ ಎ ಡಾಕ್ಟರ್’ ಅಂದರೆ ನಾವೂ ‘ಡಾಕ್ಟರನ್ನು ಕಂಡು ಬಾ’ ಅನ್ನುತ್ತೇವೆ. ಅಷ್ಟರ ಮಟ್ಟಿಗೆ ಜೋಡಿ ಕೂಡುತ್ತದೆ. ‘ವಾಚ್’ ಅಂದರೆ ಅಲುಗಾಡುವ, ಬದಲಾಗುವ ಒಂದರ ಮೇಲೆ ಕಣ್ಣಿಟ್ಟು ಕೂರುವುದು: ಆಟ, ಟೀವಿ, ಒಲೆಯ ಮೇಲಿನ ಹಾಲು. ಗೋಡೆಯ ಮೇಲಿನ ಚಿತ್ರವನ್ನು ‘ಲುಕ್ ಅಟ್’ ಮಾಡಬೇಕು. ‘ವಾಚ್’ ಮಾಡಿದರೆ ಅದು ಯಾವಾಗ ಎದ್ದು ಓಡುತ್ತದೋ ಎಂದು ಕಾದಂತೆ. ಸಿನಿಮಾಕ್ಕೆ ‘ಸೀ’, ‘ವಾಚ್’ ಎರಡೂ ನಡೆಯುತ್ತದೆ.

ಕಿವಿಗೂ ಇದೇ ನ್ಯಾಯ. ‘ಕೇಳಿಸು’ ಅನ್ನುವುದು ‘ಹಿಯರ್’, ‘ಕಿವಿಗೊಟ್ಟು ಕೇಳು’ ಅನ್ನುವುದು ‘ಲಿಸನ್’. ಫೋನಿನಲ್ಲಿ ಲೈನು ಸರಿಯಿಲ್ಲದಾಗ ನಮ್ಮವರು ‘ಆರ್ ಯು ಲಿಸನಿಂಗ್?’ ಅನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅವರ ಮನಸ್ಸಿನಲ್ಲಿರುವುದು ‘ಕೇಳಿಸ್ತಾ ಇದೆಯಾ?’ ಅಂತ. ಆ ಕಡೆ ತಲುಪುವುದು ‘ಗಮನ ಎಲ್ಲಿದೆ ನಿಂದು?’ ಎನ್ನುವ ಗದರಿಕೆ. ‘ಕ್ಯಾನ್ ಯು ಹಿಯರ್ ಮಿ?’ ಸಾಕು. ನಮ್ಮ ‘ಕೇಳು’ಗೆ ಮೂರನೆಯ ಕೆಲಸವೂ ಇದೆ, ‘ಅವರನ್ನು ಕೇಳು’ ಅನ್ನುವಾಗಿನ ‘ಆಸ್ಕ್’. ಅದರಲ್ಲಿ ಯಾರೂ ಎಡವಿದ್ದನ್ನು ನಾನು ಕಂಡಿಲ್ಲ. ದೂರ ಇರುವ ಅರ್ಥಗಳು ತೊಂದರೆ ಕೊಡುವುದಿಲ್ಲ. ಒಂದಕ್ಕೊಂದು ಮೈ ತಾಗಿಸಿಕೊಂಡು ಕೂತ ಅರ್ಥಗಳೇ ಕಾಡುವುದು.

‘ಹೇಳು’ವಿನದೂ ಮೈ ತಾಗಿದ ಜಗಳ. ‘ಟೆಲ್’ ಬಂದರೆ ಸಾಮಾನ್ಯವಾಗಿ ಅದರ ಹಿಂದೆಯೇ ಯಾರಿಗೆ ಎಂಬುದು ಬರಬೇಕು: ‘ಹಿ ಟೋಲ್ಡ್ ಮಿ’. ‘ಸೇ’ಗೆ ಆ ಹಂಗಿಲ್ಲ, ಏನು ಎಂಬುದಷ್ಟೇ ಸಾಕು: ‘ಹಿ ಸೆಡ್ ದಟ್…’. ‘ಹಿ ಟೋಲ್ಡ್ ದಟ್’ ಅಂದಾಗ ಇಂಗ್ಲಿಷ್ ಕಿವಿ ‘ಯಾರಿಗೆ?’ ಎಂದು ಕಾಯುತ್ತಾ ನಿಂತುಬಿಡುತ್ತದೆ. ‘ನೆರಳು’ ಕೂಡ ಹಾಗೆ. ಬಿಸಿಲಿನಿಂದ ತಪ್ಪಿಸಿಕೊಂಡು ಹೋಗಿ ಕೂರುವ ನೆರಳು ‘ಶೇಡ್’. ನಿಮ್ಮ ಕಾಲಿಗೆ ಅಂಟಿಕೊಂಡು ಬರುವ, ಆಕಾರವಿರುವ ನೆರಳು ‘ಶ್ಯಾಡೋ’. ಮರದ ‘ಶೇಡ್’ನಲ್ಲಿ ಕೂತವರು ಅದರ ‘ಶ್ಯಾಡೋ’ ಉದ್ದವಾಗುವುದನ್ನು ನೋಡಬಹುದು.

ಇದನ್ನೆಲ್ಲ ಓದಿ ಕನ್ನಡ ಬಡ ಭಾಷೆ, ಇಂಗ್ಲಿಷಿನವರು ಎಲ್ಲವನ್ನೂ ಸೂಕ್ಷ್ಮವಾಗಿ ಸೀಳಿದ್ದಾರೆ ಅಂದುಕೊಳ್ಳಬೇಡಿ. ಅವರ ‘ವೇರ್’ ಎಂಬ ಒಂದು ಕ್ರಿಯಾಪದ ತೆಗೆದುಕೊಳ್ಳಿ. ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಕನ್ನಡಕ ಹಾಕಿಕೊಳ್ಳುತ್ತೇವೆ. ಅವರು ಇಷ್ಟನ್ನೂ ‘ವೇರ್’ ಮಾಡುತ್ತಾರೆ. ಸಾಲದು ಅಂತ ಸುಗಂಧವನ್ನೂ, ಮುಖದ ಮೇಲಿನ ನಗುವನ್ನೂ ‘ವೇರ್’ ಮಾಡುತ್ತಾರೆ. ಕನ್ನಡ ಕಲಿಯುವ ಇಂಗ್ಲಿಷಿನವರೊಬ್ಬರು ‘ಹೂ ಉಟ್ಟೆ’ ಅಂದಾಗ ನಿಮಗೆ ಏನನ್ನಿಸುತ್ತದೋ, ‘ಐ ವಾಚ್ಡ್ ದ ಪೇಂಟಿಂಗ್’ ಅಂದಾಗ ಅವರಿಗೂ ಅದೇ ಅನ್ನಿಸುವುದು. ಅದಕ್ಕೇ ಟಿಪ್ಪಣಿ ಪುಸ್ತಕದಲ್ಲಿ ಪದ ಮತ್ತು ಅರ್ಥ ಎಂದು ಎರಡು ಸಾಲು ಎಳೆಯುವುದನ್ನು ನಿಲ್ಲಿಸಿ. ಪದ ಬಂದ ವಾಕ್ಯವನ್ನೇ ಪೂರ್ತಿ ಬರೆದುಕೊಳ್ಳಿ. ‘ಡೌಟ್ = ಅನುಮಾನ’ ಎಂಬ ಸಮೀಕರಣ ಅರ್ಧ ಸುಳ್ಳು; ‘ಐ ಡೌಟ್ ಇಟ್ ವಿಲ್ ರೇನ್’, ಅಂದರೆ ‘ಮಳೆ ಬರಲಿಕ್ಕಿಲ್ಲ’, ಇದು ಪೂರ್ತಿ ನಿಜ.

ಈಗ ‘ಡೆಬ್ಟ್’ಗೆ ಬರೋಣ. ಅದನ್ನು ‘ಡೆಟ್’ ಎನ್ನಬೇಕು, ಬಿ ಅಕ್ಷರ ಮೂಕ. ನಕ್ಕವರಿಗೆ ನೀವು ಒಂದು ಕತೆ ಹೇಳಬಹುದಿತ್ತು. ಈ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಜನ ‘ಡೆಟ್’ ಎಂದು ಹೇಳಿ, ಹೇಳಿದಂತೆಯೇ ಬರೆಯುತ್ತಿದ್ದರು. ಆಮೇಲೆ ಲ್ಯಾಟಿನ್ ಓದಿದ ಪಂಡಿತರು, ಇದರ ಮೂಲ ಲ್ಯಾಟಿನ್ನಿನ ‘ಡೆಬಿಟುಮ್’, ಆ ಕುಲದ ಗುರುತು ಕಾಣಬೇಕು ಎಂದು ನಡುವೆ ಬಿ ತುರುಕಿದರು. ಬರಹ ಬದಲಾಯಿತು, ಬಾಯಿ ಬದಲಾಗಲಿಲ್ಲ. ನಿಮ್ಮ ಇನ್ನೊಂದು ಪದ ‘ಡೌಟ್’ನ ಒಳಗೂ ಇದೇ ರೀತಿ ಸೇರಿಕೊಂಡ ಮೂಕ ಬಿ ಇದೆ. ‘ರಿಸೀಟ್’ನಲ್ಲಿ ಪಿ ತುರುಕಿದರು, ಅದರ ಅಣ್ಣತಮ್ಮಂದಿರಾದ ‘ಡಿಸೀಟ್’, ‘ಕನ್ಸೀಟ್’ಗಳಿಗೆ ತುರುಕಲು ಮರೆತರು. ‘ಐಲ್ಯಾಂಡ್’ನ ಎಸ್ ಅಂತೂ ಪೂರಾ ಅನ್ಯಾಯ. ಆ ಪದ ಲ್ಯಾಟಿನ್ ಮೂಲದ್ದೇ ಅಲ್ಲ, ಹಳೆಯ ಇಂಗ್ಲಿಷಿನ ಸ್ವಂತ ಪದ; ಫ್ರೆಂಚಿನಿಂದ ಬಂದ ‘ಐಲ್’ ಎಂಬ ಇನ್ನೊಂದು ಪದದ ನೆಂಟಸ್ತಿಕೆ ಇದೆ ಎಂದು ತಪ್ಪು ತಿಳಿದು ಎಸ್ ಸೇರಿಸಿದ್ದು. ಕೆಲವು ಕಡೆ ಮಾತ್ರ ಪಂಡಿತರು ಗೆದ್ದಿದ್ದಾರೆ. ‘ಫಾಲ್ಟ್’ನ ಎಲ್ ಮೊದಲು ಇರಲಿಲ್ಲ, ಸೇರಿಸಿದ ಮೇಲೂ ಎಷ್ಟೋ ಕಾಲ ಜನ ಅದನ್ನು ನುಡಿಯಲಿಲ್ಲ. ಈಗ ಎಲ್ಲರೂ ನುಡಿಯುತ್ತಾರೆ.

ಪಂಡಿತರ ಕೈವಾಡ ಒಂದು ಭಾಗವಾದರೆ ಕಾಲದ ಕೈವಾಡ ಇನ್ನೊಂದು. ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದದ್ದು 1476ರಲ್ಲಿ. ಅಚ್ಚು ಬಂದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗತೊಡಗಿತು. ಅದೇ ಹೊತ್ತಿನಲ್ಲಿ, ಸುಮಾರು 1400ರಿಂದ 1700ರ ನಡುವೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬಿಟ್ಟು ಜಾಗ ಸರಿದವು. ‘ಮೂನ್’ ಮೊದಲು ‘ಮೋನ್’ ಇದ್ದಂತಿತ್ತು. ‘ಮೌಸ್’ ‘ಮೂಸ್’ ಆಗಿತ್ತು. ಹೆಸರು ಎಂಬ ಅರ್ಥದ ‘ನೇಮ್’ ಅನ್ನು ಅಂದಿನವರು ಹೆಚ್ಚುಕಡಿಮೆ ‘ನಾಮ’ ಎಂದೇ ಹೇಳುತ್ತಿದ್ದರು, ಕೊನೆಯ ಇ ಅಕ್ಷರವನ್ನೂ ನುಡಿದು. ನಮ್ಮ ‘ನಾಮ’ಕ್ಕೂ ಅದಕ್ಕೂ ರಕ್ತಸಂಬಂಧ ಉಂಟು, ಎರಡೂ ಒಂದೇ ಮೂಲದ ಕುಡಿಗಳು. ಯೋಧ ಎಂಬ ಅರ್ಥದ ‘ನೈಟ್’, ಮೊಣಕಾಲಿನ ‘ನೀ’, ತಿಳಿ ಎಂಬ ಅರ್ಥದ ‘ನೋ’ಗಳ ಮೊದಲ ಕೆ ಅಕ್ಷರವನ್ನೂ ಆಗ ನುಡಿಯುತ್ತಿದ್ದರು. ಬಾಯಿ ಮುಂದೆ ಹೋಯಿತು, ಅಚ್ಚಿನ ಮೊಳೆ ಅಲ್ಲೇ ನಿಂತಿತು. ನೀವು ಇವತ್ತು ಓದುವುದು ಐದು ನೂರು ವರ್ಷ ಹಿಂದಿನ ಮಾತಿನ ನೆರಳು. ‘ಶ್ಯಾಡೋ’, ‘ಶೇಡ್’ ಅಲ್ಲ.

ಕನ್ನಡದಲ್ಲಿ ಹೀಗೆ ಆಗಲಿಲ್ಲವೇ? ಹಳಗನ್ನಡದ ೞ ಮತ್ತು ಱ ಬಾಯಿಂದ ಮಾಯವಾದಾಗ ನಾವು ಅಕ್ಷರಮಾಲೆಯಿಂದಲೂ ಅವನ್ನು ಕೈಬಿಟ್ಟೆವು. ಅದಕ್ಕೇ ನಮಗೆ ‘ಬರೆದಂತೆ ಓದು’ ಎಂಬ ಧೈರ್ಯ. ಆ ಧೈರ್ಯವೂ ಪೂರ್ತಿ ನಿಜವಲ್ಲ ಅನ್ನಿ. ‘ಬ್ರಹ್ಮ’ ಎಂದು ಬರೆದು ‘ಬ್ರಮ್ಹ’ ಅನ್ನುತ್ತೇವೆ, ‘ಚಿಹ್ನೆ’ ಎಂದು ಬರೆದು ‘ಚಿನ್ಹೆ’ ಅನ್ನುತ್ತೇವೆ. ಶ, ಷ ಬೇರೆ ಬೇರೆ ಬರೆದು ಒಂದೇ ಥರ ನುಡಿಯುತ್ತೇವೆ. ಸಂಸ್ಕೃತದ ಕುಲದ ಗುರುತು ಕಾಣಲಿ ಅಂತ ತಾನೇ? ‘ಡೆಟ್’ನ ಬಿಗೂ ಇದಕ್ಕೂ ಏನು ಅಂತರ?

ಒಂದು ಮಜಾ ಗಮನಿಸಿ. ಕಿವಿಯಿಂದ ಕನ್ನಡಕ್ಕೆ ಬಂದ ಇಂಗ್ಲಿಷ್ ಪದಗಳಲ್ಲಿ ಈ ತೊಂದರೆ ಇಲ್ಲ. ಸೇನೆಯ ‘ಕರ್ನಲ್’ ನೋಡಿ. ಇಂಗ್ಲಿಷ್ ಬರಹದಲ್ಲಿ ಮೊದಲ ಆರ್ ಇರಬೇಕಾದಲ್ಲಿ ಎಲ್ ಇದೆ. ಆರ್ ಇರುವ ಒಂದು ರೂಪ, ಎಲ್ ಇರುವ ಒಂದು ರೂಪ ಎರಡೂ ಚಾಲ್ತಿಯಲ್ಲಿದ್ದು, ಬರಹದಲ್ಲಿ ಒಂದು, ಬಾಯಲ್ಲಿ ಇನ್ನೊಂದು ಗೆದ್ದದ್ದರ ಫಲ ಅದು. ಅಕ್ಷರ ಬಾರದವರೂ ಕನ್ನಡದಲ್ಲಿ ಸರಿಯಾಗಿ ‘ಕರ್ನಲ್’ ಅಂತಾರೆ, ಏಕೆಂದರೆ ಅವರು ಅದನ್ನು ಓದಲಿಲ್ಲ, ಕೇಳಿದರು. ‘ಡೆಬ್ಟ್’ ಅನ್ನುವುದು ಓದಿದವರ ತಪ್ಪು. ಒಂದರ್ಥದಲ್ಲಿ ಮರ್ಯಾದಸ್ಥ ತಪ್ಪು.

ಇಲ್ಲಿಂದ ಮುಂದೆ ಕಣ್ಣು ಮುಚ್ಚಿ ಕಿವಿ, ಬಾಯಿಗೆ ಕೆಲಸ. ನೀವು ‘ವೆಟ್’ ಎಂದು ಬರೆದಿದ್ದೀರಿ. ಯಾವ ವೆಟ್? ಒದ್ದೆ ಎಂಬ ಅರ್ಥದ್ದೋ, ದನಕರುಗಳ ಡಾಕ್ಟರೋ? ಕನ್ನಡ ಲಿಪಿಯಲ್ಲಿ ಬರೆಯುತ್ತಿರುವ ನಾನೂ ನಿಮಗೆ ತೋರಿಸಲಾರೆ, ಎರಡಕ್ಕೂ ನಮ್ಮ ಬಳಿ ಇರುವುದು ಒಂದೇ ವ. ತೊಂದರೆ ಅಷ್ಟೇ. ಕನ್ನಡದ ವ ಇಂಗ್ಲಿಷಿನ ವಿ ಮತ್ತು ಡಬ್ಲ್ಯು ಎರಡರ ನಡುವೆ ಕೂತಿದೆ: ಕೆಳತುಟಿ ಮೇಲಿನ ಹಲ್ಲಿನ ಹತ್ತಿರ ಹೋಗುತ್ತದೆ, ಆದರೆ ಒತ್ತುವುದಿಲ್ಲ, ತುಟಿ ದುಂಡಗೂ ಆಗುವುದಿಲ್ಲ. ಹಾಗಾಗಿ ನೀವು ವಿ ಅಂದುಕೊಂಡು ಹೇಳಿದ್ದು ಅವರಿಗೆ ಡಬ್ಲ್ಯು, ಡಬ್ಲ್ಯು ಅಂದುಕೊಂಡದ್ದು ವಿ. ಕನ್ನಡಿ ಮುಂದೆ ನಿಲ್ಲಿ. ಡಬ್ಲ್ಯುಗೆ ಮೊದಲು ‘ಉ’ ಅನ್ನಿ, ಸಿಳ್ಳೆ ಹಾಕುವವರ ಹಾಗೆ ತುಟಿ ಮುಂದೆ ಬರಬೇಕು. ಅಲ್ಲಿಂದ ನಿಲ್ಲಿಸದೆ ‘ಎಟ್’ಗೆ ಜಾರಿ. ‘ಉ-ಎಟ್’, ‘ಉ-ಎಟ್’, ವೇಗವಾಗಿ. ಒದ್ದೆಯಾದಿರಿ. ಈಗ ವಿ. ತುಟಿ ದುಂಡಗೆ ಮಾಡಲೇಬೇಡಿ. ಮೇಲಿನ ಹಲ್ಲನ್ನು ಕೆಳತುಟಿಯ ಮೇಲೆ ಇಟ್ಟು ದುಂಬಿಯ ಹಾಗೆ ಎರಡು ಸೆಕೆಂಡು ಗುಂಯ್‌ಗುಟ್ಟಿ, ತುಟಿ ಕಚಗುಳಿಯಾಗಬೇಕು. ಆಮೇಲೆ ‘ಎಟ್’. ದನದ ಡಾಕ್ಟರು ಬಂದರು. ಹಲ್ಲು ಕಂಡರೆ ವಿ, ಕಾಣದಿದ್ದರೆ ಡಬ್ಲ್ಯು. ಕನ್ನಡಿ ಸುಳ್ಳು ಹೇಳುವುದಿಲ್ಲ.

ಕನ್ನಡಿ ಬದಿಗಿಟ್ಟು ಒಂದು ತೆಳು ಕಾಗದದ ಚೂರು ತೆಗೆದುಕೊಳ್ಳಿ. ತುಟಿಯ ಮುಂದೆ ಎರಡು ಬೆರಳಷ್ಟು ದೂರದಲ್ಲಿ ಹಿಡಿದು ‘ಪಿನ್’ ಅನ್ನಿ. ಕಾಗದ ಅಲುಗಲಿಲ್ಲ ಅಲ್ಲವೇ? ಇಂಗ್ಲಿಷಿನವರು ಹೇಳಿದರೆ ಅದು ಹಾರುತ್ತದೆ. ಒತ್ತು ಬೀಳುವ ಜಾಗದ ಮೊದಲಲ್ಲಿ ಬರುವ ಪಿ, ಟಿ, ಕೆಗಳಿಗೆ ಅವರು ಉಸಿರು ಸೇರಿಸುತ್ತಾರೆ, ನಮ್ಮ ಮಹಾಪ್ರಾಣದ ಹಾಗೆ. ಉಸಿರಿಲ್ಲದ ನಮ್ಮ ‘ಪ್ಯಾಕ್’ ಅವರ ಕಿವಿಗೆ ಎಷ್ಟೋ ಸಲ ‘ಬ್ಯಾಕ್’ ಎಂದು ಬೀಳುವುದು ಅದಕ್ಕೇ. ಎಸ್ ಹಿಂದೆ ಬಂದರೆ ಈ ಉಸಿರು ಇರುವುದಿಲ್ಲ: ‘ಸ್ಪಿನ್’ ಎಂದಾಗ ಅವರ ಕಾಗದವೂ ಸುಮ್ಮನಿರುತ್ತದೆ.

ಧ್ವನಿಶಾಸ್ತ್ರ ಓದುವಾಗ ನಮ್ಮ ಮೇಷ್ಟ್ರು ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಪೂರ್ವ ಎಂಬ ಅರ್ಥದ ‘ಈಸ್ಟ್’ ಮತ್ತು ಹಿಟ್ಟು ಹುದುಗಿಸುವ ‘ಯೀಸ್ಟ್’ ಎರಡನ್ನೂ ನನಗೆ ಬೇಕಾದ ಹಾಗೆ ಕಲಸಿ ಹತ್ತು ಸಲ ಹೇಳಲು ಹೇಳಿದರು. ತಾವು ಕೇಳಿದ್ದನ್ನು ಬರೆದುಕೊಂಡರು. ತಿರುಗಿ ನೋಡಿದರೆ ಹಾಳೆಯ ತುಂಬ ಯೀಸ್ಟ್, ಹತ್ತಕ್ಕೆ ಹತ್ತು. ಎಲೆಗೆ ‘ಯೆಲೆ’, ಇಲಿಗೆ ‘ಯಿಲಿ’, ಒಲೆಗೆ ‘ವಲೆ’ ಅನ್ನುವ ಬಾಯಿ ನಮ್ಮದು. ಪದ ಸ್ವರದಿಂದ ಶುರುವಾದರೆ ಮುಂದೆ ಒಂದು ಯ ಅಥವಾ ವ ತಾನಾಗಿ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಅದರಿಂದ ನಷ್ಟವಿಲ್ಲ. ಇಂಗ್ಲಿಷಿನಲ್ಲಿ ಕಿವಿ ಮತ್ತು ವರ್ಷ ಒಂದೇ ಆಗಿಬಿಡುತ್ತವೆ. ಕಿವಿಗೆ ಬಾಯಿ ತೆರೆದುಕೊಂಡೇ ನೇರ ‘ಇ’ಯಿಂದ ಹೊರಡಿ, ವರ್ಷಕ್ಕೆ ನಾಲಗೆಯನ್ನು ಮೇಲಕ್ಕೆ ಒತ್ತಿ ‘ಯ್’ನಿಂದ ಹೊರಡಿ. ಆದರೆ ನಾಚಿಕೊಳ್ಳಬೇಡಿ, ಇದೇ ಕೆಲಸವನ್ನು ಇಂಗ್ಲಿಷ್ ತಾನೇ ಮಾಡಿದೆ. ಅವರ ‘ವನ್’ ಮೊದಲು ‘ಓನ್’ ಎಂಬಂತೆ ಇತ್ತು; ‘ಓನ್ಲಿ’, ‘ಅಲೋನ್’ಗಳಲ್ಲಿ ಆ ಹಳೆಯ ದನಿ ಇನ್ನೂ ಉಳಿದಿದೆ. ಇಂಗ್ಲೆಂಡಿನ ಪಶ್ಚಿಮದ ಕಡೆಯ ಆಡುಮಾತಿನಲ್ಲಿ ಅದರ ಮುಂದೆ ಒಂದು ವಕಾರ ಬಂದು ಕೂತಿತು, ಕೊನೆಗೆ ಅದೇ ಶಿಷ್ಟವಾಯಿತು. ‘ಒಂದು’ಗೆ ನಾವು ‘ವಂದು’ ಅನ್ನುವುದಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ, ಪದದ ಅರ್ಥವೂ ಅದೇ.

ಜೋಡಿ ಅಕ್ಷರದ ವಿಷಯ ಪ್ರತ್ಯೇಕವಾಗಿ ಹೇಳಬೇಕು, ಇದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಇಂಗ್ಲಿಷ್ ಪದವನ್ನು ಕನ್ನಡವಾಗಿಸುವಾಗ ನಾವು ಅರಿಯದೆ ಒಂದು ನಿಯಮ ಪಾಲಿಸುತ್ತೇವೆ: ಸ್ವರ ಹ್ರಸ್ವವಾದರೆ ಬಸ್ಸು, ಪೆನ್ನು, ಕಪ್ಪು, ದೀರ್ಘವಾದರೆ ಕಾರು, ಬೈಕು. ಒಳ್ಳೆಯ ಕನ್ನಡ ಅದು. ಅದೇ ಅಭ್ಯಾಸದಲ್ಲಿ ಇಂಗ್ಲಿಷಿನಲ್ಲಿ ಎರಡು ಎಂ ಕಂಡ ತಕ್ಷಣ ‘ಸಮ್ಮರ್’, ಎರಡು ಪಿ ಕಂಡ ತಕ್ಷಣ ‘ಹ್ಯಾಪ್ಪಿ’ ಎಂದು ಒತ್ತುತ್ತೇವೆ. ಇಂಗ್ಲಿಷಿನಲ್ಲಿ ಜೋಡಿ ಅಕ್ಷರಕ್ಕೆ ಆ ಕೆಲಸವಿಲ್ಲ. ಹಿಂದಿನ ಸ್ವರ ಗಿಡ್ಡ ಎಂದು ಹೇಳುವ ಗುರುತು ಅಷ್ಟೆ. ಒಂದು ಎನ್ ಇದ್ದರೆ ‘ಡೈನರ್’, ಎರಡಿದ್ದರೆ ‘ಡಿನರ್’. ಒಂದು ಪಿ ಇದ್ದರೆ ‘ಹೋಪಿಂಗ್’, ಎರಡಿದ್ದರೆ ‘ಹಾಪಿಂಗ್’. ಎಲ್ಲಿಯೂ ವ್ಯಂಜನ ಎರಡು ಸಲ ಬರುವುದಿಲ್ಲ. ‘ಸಮರ್’, ‘ಹ್ಯಾಪಿ’ ಎನ್ನಿ. ‘ಬುಕ್‌ಕೇಸ್’ನಂತೆ ಎರಡು ಪದ ಕೂಡಿದ ಕಡೆ ಮಾತ್ರ ನಿಜವಾಗಿ ಒತ್ತಬೇಕು.

ಇಷ್ಟೆಲ್ಲ ಹೇಳಿದರೂ, ನಿಮಗೆ ಒಂದೇ ಒಂದನ್ನು ತಿದ್ದಿಕೊಳ್ಳಲು ಸಮಯವಿದ್ದರೆ ನಾನು ವಿ, ಡಬ್ಲ್ಯು ಬಿಟ್ಟುಬಿಡಿ ಅನ್ನುತ್ತೇನೆ. ಪದದೊಳಗಿನ ಒತ್ತು ತಿದ್ದಿಕೊಳ್ಳಿ. ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು. ಪದ್ಯಕ್ಕೆ ಪ್ರಸ್ತಾರ ಹಾಕಿ ಕಲಿತ ನಮಗೆ ಗುರು, ಲಘು ಗೊತ್ತು. ಅಲ್ಲಿ ಲೆಕ್ಕ ಮಾತ್ರೆಯದು, ದೀರ್ಘವೋ ಹ್ರಸ್ವವೋ ಎಂಬುದರದು. ಎಲ್ಲ ಅಕ್ಷರವೂ ತನ್ನ ಪಾಲಿನ ಮರ್ಯಾದೆ ಪಡೆಯುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಒಂದು ಅಕ್ಷರ ಗದ್ದುಗೆ ಏರುತ್ತದೆ, ಪಕ್ಕದವು ಕುಗ್ಗಿ ಒಂದು ಮಸುಕು ‘ಅ’ ಆಗುತ್ತವೆ. ‘ಫೋಟೋಗ್ರಾಫ್’ನಲ್ಲಿ ಏರುವುದು ‘ಫೋ’. ನಡುವಿನ ‘ಟೋ’ ಕುಗ್ಗಿ ‘ಟ’. ತೆಗೆಯುವವರಾದರೆ ಎರಡನೆಯದು ಏರುತ್ತದೆ, ಮೊದಲನೆಯದು ಕುಗ್ಗುತ್ತದೆ: ‘ಫಟಾಗ್ರಫರ್’. ಗುಣವಾಚಕವಾದರೆ ಮೂರನೆಯದು: ‘ಫೋಟಗ್ರ್ಯಾಫಿಕ್’. ನಾವು ಮೂರನ್ನೂ ಒಂದೇ ಸಮತಟ್ಟಿನಲ್ಲಿ ‘ಫೋ-ಟೋ-ಗ್ರಾ’ ಎಂದು ಓಡಿಸುತ್ತೇವೆ. ಇಂಗ್ಲಿಷ್ ಆಡಿ ಬೆಳೆದವರು ಪದವನ್ನು ಗುರುತು ಹಿಡಿಯುವುದರಲ್ಲಿ ಈ ಏರಿದ ಅಕ್ಷರಕ್ಕೆ ದೊಡ್ಡ ಪಾಲಿದೆ; ಅದು ತಪ್ಪು ಜಾಗದಲ್ಲಿದ್ದರೆ ಉಳಿದ ದನಿಗಳು ಸರಿಯಿದ್ದರೂ ಪದ ಸಿಗುವುದಿಲ್ಲ. ‘ಡೆವಲಪ್’ ಎಂದು ಮೊದಲನೆಯದನ್ನು ಎತ್ತಬೇಡಿ, ‘ಡಿವೆಲಪ್’, ಎರಡನೆಯದು. ‘ಕಂಪೋನಂಟ್’, ಎರಡನೆಯದು. ‘ಹೋಟೆಲ್’, ಕೊನೆಯದು.

ಅರ್ಥವನ್ನೇ ತಿರುಗಿಸುವ ಜೋಡಿಗಳೂ ಇವೆ. ದಾಖಲೆ ಎಂಬ ನಾಮಪದವಾದರೆ ‘ರೆಕರ್ಡ್’, ದಾಖಲಿಸು ಎ೦ಬ ಕ್ರಿಯೆಯಾದರೆ ‘ರಿಕಾರ್ಡ್’. ಒಳಗಿನ ವಿಷಯ, ಸರಕು ಎಂಬ ಅರ್ಥಕ್ಕೆ ‘ಕಾಂಟೆಂಟ್’, ಮೊದಲನೆಯದು ಏರುತ್ತದೆ. ತೃಪ್ತ ಎಂಬ ಅರ್ಥಕ್ಕೆ ‘ಕನ್ಟೆಂಟ್’, ಎರಡನೆಯದು. ಒತ್ತು ತಪ್ಪಿದರೆ ‘ನಾನು ತೃಪ್ತ’ ಎನ್ನಲು ಹೋಗಿ ‘ನಾನು ಸರಕು’ ಎಂದು ಘೋಷಿಸಿದಂತೆ. ಇನ್ನು ‘ಪ್ರೊನೌನ್ಸಿಯೇಷನ್’ ಎಂಬ ಪದವನ್ನೇ ಅದನ್ನು ಕಲಿಸುವವರಲ್ಲಿ ಅನೇಕರು ತಪ್ಪಾಗಿ ಹೇಳುತ್ತಾರೆ. ಕ್ರಿಯಾಪದ ‘ಪ್ರನೌನ್ಸ್’ ಸರಿ, ಆದರೆ ನಾಮಪದದಲ್ಲಿ ‘ನೌ’ ಇಲ್ಲ: ‘ಪ್ರನನ್ಸಿಯೇಷನ್’, ಏರುವುದು ‘ಯೇ’.

ಒತ್ತು ಎಲ್ಲಿ ಎಂದು ತಿಳಿಯುವುದು ಸುಲಭ. ಯಾವುದೇ ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಪದದ ಪಕ್ಕ ಉಚ್ಚಾರಣೆಯ ಚಿಹ್ನೆಗಳಿರುತ್ತವೆ. ಅವೆಲ್ಲವನ್ನೂ ಕಲಿಯಬೇಕಾಗಿಲ್ಲ, ಎರಡು ಸಾಕು. ಮೇಲ್ಗಡೆ ಒಂದು ಸಣ್ಣ ನಿಂತ ಗೀಟು ಇರುತ್ತದೆ, ಅದರ ಮುಂದಿನ ಅಕ್ಷರವೇ ಗದ್ದುಗೆಯದು. ತಲೆಕೆಳಗಾದ ಇ ಅಕ್ಷರ ಕಂಡರೆ ಅದು ಕುಗ್ಗಿದ ಮಸುಕು ‘ಅ’. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಸಲ ಬರುವ ಸ್ವರ ಅದೇ, ಪಾಪ, ಅದಕ್ಕೆ ಸ್ವಂತದ ಅಕ್ಷರವೂ ಇಲ್ಲ. ದಿನಕ್ಕೆ ಮೂರು ಪದ ನೋಡಿ, ಅದೂ ನಿಮ್ಮ ಕೆಲಸದಲ್ಲಿ ನಿತ್ಯ ಬರುವ ಪದಗಳನ್ನು. ನಿಘಂಟಿನ ಅಪ್ಲಿಕೇಶನ್ನಿನಲ್ಲಿ ಒತ್ತಿ ಕೇಳಿ, ಕೇಳಿದ ಮೇಲೆ ಬರೆದದ್ದನ್ನು ನೋಡದೆ ಹೇಳಿ.

ಬ್ರಿಟಿಷೋ ಅಮೆರಿಕನ್ನೋ ಎಂಬ ಚಿಂತೆಗೆ ಹೆಚ್ಚು ಹೊತ್ತು ಕೊಡಬೇಡಿ. ‘ಕಾರ್’ನ ಕೊನೆಯ ಆರ್ ಅನ್ನು ದಕ್ಷಿಣ ಇಂಗ್ಲೆಂಡಿನವರು ನುಂಗುತ್ತಾರೆ, ಅಮೆರಿಕನ್ನರು, ಸ್ಕಾಟ್ಲೆಂಡಿನವರು ಪೂರ್ತಿ ನುಡಿಯುತ್ತಾರೆ; ನಮ್ಮ ನಾಲಗೆ ಹೇಗೂ ನುಡಿಯುತ್ತದೆ, ಹಾಗೇ ಇರಲಿ. ‘ಶೆಡ್ಯೂಲ್’ ಬ್ರಿಟನ್ನಿನದು, ‘ಸ್ಕೆಜುಲ್’ ಅಮೆರಿಕದ್ದು, ಈಗ ಬ್ರಿಟನ್ನಿನ ಕಿರಿಯರ ಬಾಯಲ್ಲೂ ಓಡಾಡುತ್ತಿದೆ. ಈ ಪದ ಫ್ರೆಂಚಿನ ಮೂಲಕ ಬಂದಾಗ ಎರಡೂ ಅಲ್ಲದೆ ‘ಸೆಡ್ಯೂಲ್’ ಎಂಬಂತಿತ್ತು. ಆಮೇಲೆ ಗ್ರೀಕ್, ಲ್ಯಾಟಿನ್ ಮೂಲ ಕಾಣಲಿ ಎಂದು ನಡುವೆ ಅಕ್ಷರ ಸೇರಿತು, ಅದನ್ನು ಹೇಗೆ ಓದುವುದು ಎಂದು ಎರಡು ದೇಶ ಎರಡು ದಾರಿ ಹಿಡಿದವು. 1828ರ ಪ್ರಸಿದ್ಧ ಅಮೆರಿಕನ್ ನಿಘಂಟಿನ ಕರ್ತೃ ನೋವಾ ವೆಬ್‌ಸ್ಟರ್ ‘ಸ್ಕೆ’ ಪಕ್ಷ. ನೀವು ದಿನಾ ಯಾರೊಡನೆ ಮಾತಾಡುತ್ತೀರೋ ಅವರದ್ದನ್ನು ಹಿಡಿಯಿರಿ.

ಉಳಿದದ್ದು ‘ಆಫನ್’. ಇದರ ಟಿ ಹಿಂದೊಮ್ಮೆ ಬಾಯಲ್ಲಿತ್ತು. ‘ಲಿಸನ್’, ಬಿಗಿ ಎಂಬ ಅರ್ಥದ ‘ಫಾಸನ್’, ಮೆತ್ತಗಾಗು ಎಂಬ ಅರ್ಥದ ‘ಸಾಫನ್’ಗಳ ಟಿ ಉದುರಿದ ಹಾಗೆ ಇದೂ ಉದುರಿತು. ಆಮೇಲೆ ಓದು ಬಲ್ಲವರು ಹೆಚ್ಚಾದಂತೆ, ಬರಹದಲ್ಲಿ ಇದೆಯಲ್ಲ ಎಂದು ಕೆಲವರು ಅದನ್ನು ಮತ್ತೆ ಎತ್ತಿ ತಂದರು, ಥೇಟ್ ನೀವು ‘ಡೆಬ್ಟ್’ ಅಂದ ಹಾಗೆ. ವ್ಯತ್ಯಾಸ ಒಂದೇ: ಹಾಗೆ ಹೇಳುವವರು ಇಂಗ್ಲಿಷನ್ನೇ ಆಡಿ ಬೆಳೆದವರು, ಸಂಖ್ಯೆಯಲ್ಲೂ ಬಹಳ. ಆದ್ದರಿಂದ ಇವತ್ತು ನಿಘಂಟುಗಳು ಎರಡನ್ನೂ ಕೊಡುತ್ತವೆ. ನಾನು ‘ಆಫನ್’ ಅನ್ನುತ್ತೇನೆ. ‘ಆಫ್ಟನ್’ ಅಂದವರನ್ನು ತಿದ್ದುವುದು ಬಿಟ್ಟು ಬಹಳ ವರ್ಷವಾಯಿತು.